ಹಾಲಿನ ಬೋಗುಣಿಯ ಮೇಲೊಂದು ಕಲ್ಲು

2002ರ ಮಾರ್ಚ್ 14ರ ಸಂಜೆ ಮಾಲಾ ಜೊಯಿಡಾ ಠಾಣೆಯ ಮೆಟ್ಟಿಲು ಹತ್ತಿದಾಗ ಕಾಡಿನ ಧೂಳು ಇನ್ನೂ ಬೂಟಿನ ಮೇಲಿತ್ತು. ಪಿಎಸ್‌ಐ ಅಂದಾನೆಪ್ಪ ಮೊದಲು ನೀರು ತರಿಸಿದರು, ಆಮೇಲೆ ಕಾಗದ.

ಮಾಲಾ ಧಾರವಾಡದ ಸಂಶೋಧಕಿ. ಉಪಗ್ರಹ ಚಿತ್ರ ಹಿಡಿದು ಎರಡು ವರ್ಷ ಕಾಡು ಸುತ್ತಿ, ಯಾವ ಭಾಗ ಎಷ್ಟು ಸೂಕ್ಷ್ಮ, ಎಲ್ಲಿ ಕೈಯಿಟ್ಟರೆ ಕೆಡುತ್ತದೆ ಎಂದು ಕಂಪ್ಯೂಟರಿನಲ್ಲಿ ನಕ್ಷೆ ಮಾಡಿದ್ದಳು. ಅವಳ ಬಾಡಿಗೆ ಕೋಣೆಯಿಂದ ಗೋಡೆಯಗಲದ ಚಿತ್ರ, ನಕ್ಷೆಯ ಸಿ.ಡಿ.ಗಳು, ಜಿಪಿಎಸ್ ಯಂತ್ರ ಕಳುವಾಗಿದ್ದವು. ಬೇರೆ ಪ್ರತಿ ಇರಲಿಲ್ಲ. ವರದಿ ಮುಂದಿನ ವಾರ ಒಪ್ಪಿಸಬೇಕು.

"ಯಾರ ಮ್ಯಾಲರ ಸಂಶಯ?"

"ಗಣಿ ಮಂದಿ ಮ್ಯಾಲ್ರಿ. ಈ ವರದಿ ಬ್ಯಾಡಾದವರು ಅವರ."

ಎಫ್‌ಐಆರ್ ದಾಖಲಿಸಿ, ಪೇದೆ ದುರ್ಗವ್ವನನ್ನು ಕರೆದುಕೊಂಡು ಅಂದಾನೆಪ್ಪ ಕೋಣೆಗೆ ಹೋದರು. ಇಬ್ಬರು ಪಂಚರ ಎದುರು ಸ್ಥಳ ಪಂಚನಾಮೆ ನಡೆಯಿತು. ಬೀಗ ಒಡೆದಿರಲಿಲ್ಲ. ಚಿತ್ರಕ್ಕೆ ಹೊಡೆದಿದ್ದ ಮೊಳೆಗಳನ್ನು ಕಿತ್ತವರು ಕಾಲಿಗೆ ಚುಚ್ಚದಿರಲೆಂದು ಬಟ್ಟಲಿಗೆ ಹಾಕಿಟ್ಟಿದ್ದರು. ಸ್ಟೋವಿನ ಪಕ್ಕ ಹಾಲಿನ ಬೋಗುಣಿ, ಅದರ ಮೇಲೆ ತಟ್ಟೆ, ತಟ್ಟೆಯ ಮೇಲೆ ತೊಳೆದ ಕಲ್ಲು.

"ಕಲ್ಲು ನೀವು ಇಟ್ಟದ್ದೇನ್ರಿ?"

"ಇಲ್ರಿ. ಗೌಳಿವಾಡಾದ ನಾನಿಬಾಯಿ ದಿನಾ ಹಾಲು ಹಾಕಿ, ಬೆಕ್ಕು ಮುಟ್ಟಬಾರದಂತ ಕಲ್ಲಿಡ್ತಾಳ. ಒಂದು ಕೀಲಿ ಆಕಿ ಹತ್ರನೂ..." ಮಾಲಾ ಅಲ್ಲಿಗೇ ತಡೆದಳು. "ಆಕಿ ಅಲ್ರೀ! ನನಗ ಜ್ವರ ಬಂದಾಗ ರಾತ್ರಿಯೆಲ್ಲಾ ಕಾಲು ಒತ್ತಿದಾಕಿ."

ಮನೆಯೊಡತಿ ಸತ್ತೆವ್ವ ಬಾಗಿಲಲ್ಲೇ ನಿಂತಿದ್ದಳು. "ನಾನಿಬಾಯಿನ ಬಿಟ್ರ ಯಾರೂ ಬಂದಿಲ್ರಿ. ಹೋಗೂ ಮುಂದ ತಲಿ ಮ್ಯಾಲ ಮೇವಿನ ಹೊರಿ ಇತ್ತು."

ದುರ್ಗವ್ವ ಸಣ್ಣಗೆ ನಕ್ಕಳು. "ಕಾಡಿನಾಕಿ ಪ್ಯಾಟ್ಯಾಗಿಂದ ಮೇವು ಒಯ್ದಳಂತ, ಸಾಹೇಬ್ರ!"

ಅಂದಾನೆಪ್ಪ ನಗಲಿಲ್ಲ. ಹೊರೆಯೊಳಗೆ ಏನಿತ್ತೆಂದು ಮಾಲಾಳಿಗೂ ಹೊಳೆದದ್ದನ್ನು ಅವಳ ಮುಖದಲ್ಲಿ ಕಂಡಿದ್ದರು.

ಮರುದಿನ ಬೆಳಿಗ್ಗೆ ಅವರು ಮಾಲಾಳನ್ನೂ ಕರೆದುಕೊಂಡು ಕಾಡಿನೊಳಗಿನ ಎಮ್ಮೆ ಸಾಕುವವರ ಕೇರಿ ಗೌಳಿವಾಡಾ ತಲುಪಿದಾಗ ನಾನಿಬಾಯಿ ಎಮ್ಮೆ ಕಟ್ಟುತ್ತಿದ್ದಳು. ಜೀಪಿನಿಂದಿಳಿದ ಮಾಲಾಳನ್ನು ಕಂಡು ಅವಳ ಕೈ ನಿಂತಿತು.

"ಇಂಥಾ ಬಿಸಲಾಗ ಆಕೀನ ಯಾಕ ಕರಕೊಂಡ ಬಂದ್ರಿ?"

"ಚಿತ್ರ ಎಲ್ಲೈತಿ, ಬಾಯಿ?"

ಅವಳು ಅಟ್ಟದ ಹುಲ್ಲಿನತ್ತ ಕೈ ಮಾಡಿದಳು. ಎಲ್ಲವೂ ಅಲ್ಲಿದ್ದವು, ಅವಳದೇ ಹಬ್ಬದ ಸೀರೆಯಲ್ಲಿ ಸುತ್ತಿದ್ದವು. ಚಿತ್ರದ ಒಂದು ಮೂಲೆಯೂ ಮಡಚಿರಲಿಲ್ಲ. ಜಪ್ತಿ ಪಂಚನಾಮೆ ಮುಗಿಯಿತು.

"ಯಾಕ ಒಯ್ದಿ?"

"ಸುಡಾಕ ಒಯ್ದೆ. ಒಲಿ ಮುಂದ ಕುಂತೆ. ಪಾಪ, ಮುಳ್ಳು ತುಳಕೋತ ತಿರುಗಿ ಮಾಡಿದ್ದದು. ಕೈ ಬರಲಿಲ್ಲ."

"ಸುಡೂದ್ಯಾಕ?"

"ನಮ್ಮ ವಾಡಾ ಎಲ್ಲೈತಿ ಅಂತ ಕೇಳಿದ್ದೆ. ಬಟ್ಟು ಇಟ್ಟು ತೋರಿಸಿದಳು. ಸುತ್ತ ಎಲ್ಲಾ ಕೆಂಪ! ಕೆಂಪು ಬಣ್ಣ ಹಚ್ಚಿದ ಗಿಡ ಯಾವುದರ ಉಳದೈತೇನ್ರಿ, ಸಾಹೇಬ್ರ? ಗುರುತು ಹಾಕೂದು ಕಡಿಯಾಕ. ನನ್ನ ಹಾಲು ಕುಡದು ನನ್ನ ಮನಿಗೇ ಗುರುತು ಹಾಕ್ಯಾಳ."

"ಅಯ್ಯ, ಅದು ಹಂಗಲ್ಲ ಬಾಯಿ!" ಮಾಲಾಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. "ಮ್ಯಾಲಿಂದ ತಗದ ಆ ಚಿತ್ರದಾಗ ಸೊಂಪಾದ ಹಸರು ಕೆಂಪಾಗೇ ಕಾಣ್ತೈತಿ. ನಿಮ್ಮ ಕಾಡು ಎಲ್ಲಕ್ಕಿಂತ ಚಲೋ ಉಳದೈತಿ ಅಂತ ಅದರ ಅರ್ಥ."

"ಹಂಗಾರ ನಮ್ಮನ್ನ ಎಬ್ಬಸೂದಿಲ್ಲ?"

ಮಾಲಾ ಬಗ್ಗಿ ಬೂಟಿನ ಧೂಳು ಕೊಡವತೊಡಗಿದಳು.

"ಹೇಳ್ರಿ," ಎಂದರು ಅಂದಾನೆಪ್ಪ.

"ಅತಿ ಸೂಕ್ಷ್ಮ ಜಾಗಾದಾಗ ಮಂದಿ ಇರಬಾರದು ಅಂತ... ವರದ್ಯಾಗ ನಾನ ಬರದೀನ್ರಿ."

ನಾನಿಬಾಯಿ ಅವಳತ್ತ ತಿರುಗಿದಳು. "ನಾವು ಕಾದಿದ್ದಕ್ಕ ಉಳೀತು. ಉಳದಿದ್ದಕ್ಕ ನಾವು ಏಳಬೇಕು. ಹಂಗೇನು, ಮಗಳ?"

ಅಂದಾನೆಪ್ಪ ಮನೆಯೊಳಗಿನ ಕಳವಿಗಾಗಿ ಐಪಿಸಿ ಕಲಂ 380ರಡಿ ಬಂಧನದ ವಿಷಯವನ್ನು ತಗ್ಗಿದ ದನಿಯಲ್ಲಿ ತಿಳಿಸಿದರು. ದುರ್ಗವ್ವ ಎಮ್ಮೆಗೆ ನೀರಿಟ್ಟು ಬಂದು, ಕೈಗೆ ಕೋಳ ಹಾಕದೆ, ಮುದುಕಿಯನ್ನು ರಟ್ಟೆ ಹಿಡಿದು ಜೀಪು ಹತ್ತಿಸಿದಳು. ಆ ದಿನದ ಕೇಸ್ ಡೈರಿಯಲ್ಲಿ ಅಂದಾನೆಪ್ಪ ಕಳವಿನ ಕಾರಣವನ್ನು ಒಂದೇ ಸಾಲಿನಲ್ಲಿ ಬರೆದರು: ಮನೆ ಹೋಗುವ ಭಯ.

ಜೀಪು ಹೊರಡುವ ಮುನ್ನ ನಾನಿಬಾಯಿ ಸೆರಗಿನ ಗಂಟು ಬಿಚ್ಚಿ ಕೀಲಿ ತೆಗೆದು ಮಾಲಾಳತ್ತ ಚಾಚಿದಳು. ಅದನ್ನೂ ಜಪ್ತಿ ಮಾಡಬೇಕಿತ್ತು. ಅಂದಾನೆಪ್ಪ ಮುಖ ಆ ಕಡೆ ತಿರುಗಿಸಿದರು.

"ನಾಳಿಂದ ಹಾಲಿಗೆ ಬ್ಯಾರೆ ಯಾರಿಗರ ಹೇಳು," ಎಂದಳು ನಾನಿಬಾಯಿ. "ಕಲ್ಲು ಇಡೂದು ಮರೀಬ್ಯಾಡ. ಬೆಕ್ಕಿಗೆ ರೂಢಿ ಆಗೇತಿ."