ನಾಲ್ವರು ಹಿರಿಯರು ಬಂದ ಗುರುವಾರ

"ಚಹಾಕ್ಕೆ ಸಕ್ಕರೆ ಹಾಕಿದ್ದೀಯೋ, ಸಿಟ್ಟು ಹಾಕಿದ್ದೀಯೋ?" ಎಂದು ಎರ್ಮೆಕ್ ಕೇಳಿದ.

"ಎರಡೂ ಹಾಕಿದ್ದೀನಿ. ಕುಡಿದು ಹೋಗು."

ಅವನು ಹೋಗಲಿಲ್ಲ. ನಾರಿನ್ ಕಡೆಯ ಲಾರಿಗಳು ನಿಲ್ಲುವ ಘಾಟಿಯ ಬುಡದಲ್ಲಿ ನನ್ನ ಚಹಾದಂಗಡಿ. ಎರ್ಮೆಕ್ ಮೇಲಿನ ರಸ್ತೆಯಲ್ಲಿ ಹಿಮ ತೆಗೆಯುವ ಯಂತ್ರ ಓಡಿಸುತ್ತಾನೆ. ಹತ್ತುವ ಮುನ್ನ ಪ್ರತಿ ಸಲ ನನ್ನಲ್ಲಿ ಮೂರು ಬಟ್ಟಲು ಚಹಾ ಕುಡಿಯುತ್ತಾನೆ. ಎರಡನ್ನು ಗಟಗಟ ಮುಗಿಸಿ, ಮೂರನೆಯದನ್ನು ಆರುವ ತನಕ ಹಿಡಿದುಕೊಂಡು ಬಟ್ಟಲಿನ ಅಂಚಿನ ಮೇಲಿಂದ ನನ್ನನ್ನು ನೋಡುತ್ತಾನೆ. ನಾನು ತಿರುಗಿದರೆ ಚಹಾದ ನೀರು ಕಾಯುವ ಸಮೋವರ್ ನೋಡುತ್ತಾನೆ. ಒಂದೇ ಶಾಲೆಯಲ್ಲಿ ಓದಿದವರು ನಾವು. ವಯಸ್ಸು ಮೂವತ್ತಾರಾದರೂ ಈ ಗಂಡಸಿಗೆ ಕದ್ದು ನೋಡುವುದು ಬರಲಿಲ್ಲ.

"ಗುರುವಾರ ಒಂದು ವಿಷಯ ಇದೆ" ಎಂದ.

"ಏನು, ಈ ಕೆಲಸ ಬಿಡ್ತೀಯಾ?"

ಅವನ ನಗು ಇಳಿಯಿತು. "ನಾನು ಬಿಟ್ರೆ ಇನ್ನೊಬ್ಬ ಹತ್ತುತ್ತಾನೆ ಬೆರ್ಮೆತ್. ಅವನಿಗೂ ಚಹಾ ಕೊಡೋಳು ಒಬ್ಬಳು ಇರ್ತಾಳೆ."

"ಅವಳ ಪಾಡು ಅವಳಿಗೆ. ನಾನು ಒಬ್ಬನನ್ನ ಆ ಹಿಮದಿಂದ ಅಗೆದು ತೆಗೆಸಿದ್ದೀನಿ, ಇನ್ನೊಬ್ಬನನ್ನ ತೆಗೆಸಲ್ಲ. ನನ್ನ ಮನಸ್ಸಲ್ಲಿ ನಿನಗೆ ಜಾಗ ಇಲ್ಲ, ಹೋಗು."

ಶುದ್ಧ ಸುಳ್ಳು. ಅವನು ನಂಬಿದನೋ ಇಲ್ಲವೋ, ಟೋಪಿ ಹಾಕಿಕೊಂಡು ಎದ್ದ. ಆ ಸೋಮವಾರ ಮೂರನೆಯ ಬಟ್ಟಲನ್ನು ಕುಡಿಯಲಿಲ್ಲ.

ಆರು ವರ್ಷದ ಹಿಂದೆ ನನ್ನ ಗಂಡ ಆಸಾನನ ಲಾರಿ ಅದೇ ಘಾಟಿಯಲ್ಲಿ ಹಿಮದಡಿ ಹೂತುಹೋಯಿತು. ಅಂದಿನಿಂದ ನಾನೂ ನನ್ನ ಅತ್ತೆ ಉಲ್ಕನ್ ಇಬ್ಬರೇ. ಇನ್ನು ಯಾರನ್ನೂ ಹಚ್ಚಿಕೊಳ್ಳುವುದಿಲ್ಲ, ಹಚ್ಚಿಕೊಳ್ಳದಿದ್ದರೆ ಕಳೆದುಕೊಳ್ಳುವುದೂ ಇಲ್ಲ ಎಂದು ಗಟ್ಟಿ ಮಾಡಿಕೊಂಡಿದ್ದೆ. ಬಹಳ ಜಾಣೆ ಎಂದುಕೊಂಡಿದ್ದೆ.

ಬುಧವಾರ ಮಧ್ಯಾಹ್ನ ಮೇಲೆ ಹಿಮ ಕುಸಿಯಿತು. ಫೋನು ಸತ್ತಿತು. ಎರ್ಮೆಕ್ ಸೇರಿ ಐದು ಜನ ಮೇಲಿದ್ದರು. ಅವರು ಕುಸಿತದ ಆಚೆಗಿದ್ದಾರೋ ಅದರಡಿಯಲ್ಲಿದ್ದಾರೋ ಯಾರೂ ಹೇಳಲಾರರು. ನಾನು ಯಾರನ್ನೂ ಕೇಳಲೂ ಇಲ್ಲ. ಕೇಳಲು ನಾನು ಅವನಿಗೆ ಏನಾಗಬೇಕು?

ಗುರುವಾರ ಬೆಳಿಗ್ಗೆ ಹಿಟ್ಟು ನಾದುತ್ತಿದ್ದೆ. ಕಿಟಕಿಯಾಚೆ ನಾಲ್ವರು ಮುದುಕರು ನಮ್ಮ ಮನೆಯ ಕಡೆ ಬರುತ್ತಿದ್ದರು. ಮುಂದೆ ಮಂಬೆತ್ ಅಜ್ಜ. ಒಬ್ಬರೂ ಮಾತಾಡುತ್ತಿಲ್ಲ.

ನಮ್ಮಲ್ಲಿ ಸಾವಿನ ಸುದ್ದಿಯನ್ನು ಒಬ್ಬನೇ ಬಂದು ಹೇಳುವುದಿಲ್ಲ. ಹಿರಿಯರು ಗುಂಪಾಗಿ ಬಂದು, ಕೂತು, ಬೇರೇನೋ ಮಾತಾಡಿ, ಆಮೇಲೆ ಬಾಯಿ ಬಿಡುತ್ತಾರೆ. ಆಸಾನ್ ಹೋದಾಗಲೂ ಇದೇ ನಾಲ್ವರು ಬಂದು ಹುಲ್ಲಿನ ಬಣವೆಯ ಬಗ್ಗೆ ಅರ್ಧ ಗಂಟೆ ಮಾತಾಡಿದ್ದರು. ನನ್ನ ಕೈ ಹಿಟ್ಟಿನಲ್ಲೇ ನಿಂತುಹೋಯಿತು.

ಅವರು ಬಂದು ಕೂತರು. ಅತ್ತೆ ಚಹಾ ಬಗ್ಗಿಸಿದರು. ಯಾರೂ ಮುಟ್ಟಲಿಲ್ಲ.

"ಈ ಸಲ ಚಳಿ ಜಾಸ್ತಿ" ಎಂದರು ಮಂಬೆತ್ ಅಜ್ಜ.

"ಜಾಸ್ತಿನೇ" ಎಂದರು ಅತ್ತೆ.

"ಕುರಿಗಳಿಗೂ ಕಷ್ಟ." ಅಜ್ಜ ಗಂಟಲು ಸರಿಮಾಡಿಕೊಂಡರು. "ಮಗಳೇ ಬೆರ್ಮೆತ್, ನಾವು ಎರ್ಮೆಕ್ ವಿಷಯವಾಗಿ ಬಂದಿದ್ದೀವಿ..."

ಮುಂದಿನದನ್ನು ಕೇಳುವ ಶಕ್ತಿ ನನಗಿರಲಿಲ್ಲ. ತಲೆವಸ್ತ್ರ ಕಿತ್ತೆಸೆದೆ. ಜಡೆ ಬಿಚ್ಚಿದೆ. ಗೋಡೆಗೆ ಮುಖ ಮಾಡಿ ಕೂತು, ಸೊಂಟಕ್ಕೆ ಕೈಯಿಟ್ಟು, ಸತ್ತವರಿಗೆ ಹಾಡುವ ಶೋಕದ ಹಾಡನ್ನು ಎತ್ತಿದೆ. ಹಾಗೆ ಕೂತು ಹಾಡುವ ಹಕ್ಕು ಹೆಂಡತಿಗೆ ಮಾತ್ರ. ಅದು ಹೊಳೆಯುವಷ್ಟರಲ್ಲಿ ಹಾಡು ಬಾಯಿಂದಾಚೆ ಹೋಗಿತ್ತು.

ಚಳಿಗೆ ಮರಗಟ್ಟಿದ ನರಿಮರಿಯನ್ನು ಘಾಟಿಯಿಂದ ನನ್ನ ಅಂಗಡಿಗೆ ಕೋಟಿನೊಳಗೆ ಎದೆಗವಚಿ ತಂದವನೇ ಎಂದೆ. ಮೂರು ಬಟ್ಟಲಿಗೆ ಒಂದು ಗಂಟೆ ಕೂರುತ್ತಿದ್ದವನೇ, ನಾಲ್ಕನೆಯದನ್ನು ನಾನೇಕೆ ಕೊಡಲಿಲ್ಲ ಎಂದೆ. ಜಾಗವಿಲ್ಲ ಎಂದೆನಲ್ಲೋ, ಇದ್ದ ಜಾಗವೆಲ್ಲ ನಿನ್ನದೇ ಆಗಿತ್ತಲ್ಲೋ ಎಂದೆ. ಹಾಡುತ್ತಲೇ ಒಂದು ಮಾತು ನೆನಪಾಯಿತು. ಆಸಾನನ ದನಿ ನನಗೆ ಎಷ್ಟು ಇಷ್ಟ ಎಂಬುದನ್ನೂ ನಾನು ಮೊದಲ ಸಲ ಹೇಳಿದ್ದು ಹೀಗೇ, ಅವನು ಸತ್ತ ಮೇಲೆ, ಗೋಡೆಗೆ.

"ನಿಲ್ಸು ಮಗಳೇ!" ಅಜ್ಜ ಕೂಗಿದರು. "ಅವನು ಸತ್ತ ಅಂತ ಯಾರು ಹೇಳಿದ್ರು?"

ನಾನು ತಿರುಗಿದೆ. "ನೀವು..."

"ನಾವು ಹೆಣ್ಣು ಕೇಳೋಕೆ ಬಂದಿದ್ದು!"

"ಇವತ್ತು ಬೇಡ ಅಂತ ಬಡ್ಕೊಂಡೆ ನಾನು" ಎಂದು ಹಿಂದಿದ್ದ ಮುದುಕರೊಬ್ಬರು ಗೊಣಗಿದರು.

ಮಂಬೆತ್ ಅಜ್ಜ ಕರವಸ್ತ್ರ ಬಿಚ್ಚಿದರು. ಒಳಗೆ ಎರಡು ಬೆಳ್ಳಿ ಓಲೆ. ನಮ್ಮಲ್ಲಿ ಹೆಣ್ಣು ಅದನ್ನು ತೊಟ್ಟರೆ ಮದುವೆಗೆ ಒಪ್ಪಿದಂತೆ. "ಸೋಮವಾರ ಕೊಟ್ಟು ಹೋದ. ಏನೇ ಆಗ್ಲಿ ಗುರುವಾರ ಹೋಗ್ಲೇಬೇಕು ಅಂತ ಮಾತು ತಗೊಂಡ. ಮಾತು ತಪ್ಪೋಕಾಗತ್ತಾ?"

"ಅವನು ಬದುಕಿದ್ದಾನಾ ಅಜ್ಜ?"

"ಗೊತ್ತಿಲ್ಲ ಮಗಳೇ. ಅದಕ್ಕೇ ಬಾಯಿ ಬರ್ಲಿಲ್ಲ."

ಎಲ್ಲರ ಕಣ್ಣೂ ಅತ್ತೆಯ ಮೇಲೆ ಹೋಯಿತು. ಅವರ ಮನೆಯಲ್ಲಿ, ಅವರ ಮಗನ ಫೋಟೋದ ಕೆಳಗೆ, ಅವರ ಸೊಸೆ ಬೇರೊಬ್ಬನ ಹೆಸರು ಹಿಡಿದು ಹಾಡಿದ್ದಳು. ನಾನು ನಾಚಿಕೆಯಿಂದ ನೆಲ ನೋಡುತ್ತಾ ಕೂತೆ. ಹೋಗು ಅಂದರೆ ಹೋಗುವುದೇ ಎಂದುಕೊಂಡೆ.

ಅತ್ತೆ ಎದ್ದು ಮೂಲೆಯ ಪೆಟ್ಟಿಗೆ ತೆಗೆದರು. ತಮ್ಮ ಸಾವಿಗೆಂದು ಅವರು ಬಟ್ಟೆ ಕೂಡಿಟ್ಟಿರುವ ಪೆಟ್ಟಿಗೆ ಅದು. ಪ್ರತಿ ವಸಂತದಲ್ಲೂ ಅವನ್ನು ಬಿಸಿಲಿಗೆ ಹಾಕಿ, ಹಾಡು ಗುನುಗುತ್ತಾ ಮಡಚಿಡುತ್ತಾರೆ. ಬಿಳಿಯ ತಲೆವಸ್ತ್ರವೊಂದನ್ನು ಎಳೆದು ನನ್ನ ಮೇಲೆಸೆದರು.

"ನನ್ನ ಹೆಣ ತೊಳೆಯೋರಿಗೆ ಕೊಡೋಕೆ ಅಂತ ಇಟ್ಟಿದ್ದೆ. ನಾನು ಸಾಯೋದು ಸ್ವಲ್ಪ ಕಾಯತ್ತೆ. ಮುಚ್ಕೋ ತಲೆ, ದೆವ್ವ ಹಿಡಿದೋಳ ಹಾಗೆ ಕೂತಿದ್ದೀಯ."

"ಅತ್ತೆ, ಅವನು ಇಲ್ಲದೇ ಇದ್ರೆ? ಓಲೆ ಹಾಕ್ಕೊಂಡ್ರೆ ಎರಡನೇ ಸಲ ವಿಧವೆ ಆಗ್ತೀನಿ."

"ಹಾಕ್ಕೊಳ್ದೇ ಇದ್ರೆ ಅಳಲ್ವಾ? ಈಗ ತಾನೇ ನೋಡಿದ್ವಲ್ಲ ನಿನ್ನ ಚೆಂದ!" ಅವರು ಫೋಟೋದ ಕಡೆ ನೋಡಿದರು. ದನಿ ಇಳಿಯಿತು. "ನನಗೆ ದಿನ ಜಾಸ್ತಿ ಇಲ್ಲ, ಸುಳ್ಳು ಹೇಳ್ತಾ ಕೂರೋಕೆ ಪುರುಸೊತ್ತಿಲ್ಲ. ನಿನಗೆ ಬೇಕಾದಷ್ಟಿದೆ ಅಂತ ಯಾರಮ್ಮ ಹೇಳಿದ್ದು?"

ನನ್ನ ಆರು ವರ್ಷದ ಜಾಣತನ ಅಲ್ಲಿಗೆ ಮುಗಿಯಿತು. ಒಂದು ದಿನವೂ ಅವನ ಜೊತೆ ಬಾಳದೆ, ಅವನನ್ನು ಕಳೆದುಕೊಂಡ ನೋವನ್ನು ಪೂರ್ತಿ ಉಂಡಿದ್ದೆ. ಇದಕ್ಕಿಂತ ನಷ್ಟದ ಬಾಳು ಉಂಟೇ? ಹೆದರಿಕೆಯೇನೂ ಹೋಗಿರಲಿಲ್ಲ.

"ಓಲೆ ಕೊಡಿ ಅಜ್ಜ" ಎಂದೆ.

ಗಂಡಿನ ತಾಯಿ ತೊಡಿಸಬೇಕು. ಎರ್ಮೆಕ್‌ಗೆ ತಾಯಿಯಿಲ್ಲ. ಅತ್ತೆಯೇ ತೊಡಿಸಿದರು. ಕಿವಿಯ ತೂತು ಮುಚ್ಚಿಕೊಂಡಿತ್ತು, ಒತ್ತಿ ಚುಚ್ಚುವಾಗ ರಕ್ತ ಬಂತು. ನಾಲ್ವರೂ ಆಗ ಚಹಾ ಎತ್ತಿಕೊಂಡರು.

ನಾನು ಅಂಗಡಿಗೂ ಹೋಗದೆ ರಸ್ತೆ ಕೆಲಸದವರ ಗುಡಿಸಲಿಗೆ ಓಡಿದೆ. ಅಲ್ಲಿ ಎರ್ಮೆಕ್ ಜೊತೆ ಕೆಲಸ ಮಾಡುವ ಕುಬತ್ ಬೆಳಗಿನಿಂದ ವೈರ್‌ಲೆಸ್ ಹಿಡಿದು ಮೇಲಿನವರನ್ನು ಕರೆಯುತ್ತಿದ್ದ. ಬರೀ ಗೊರಗೊರ ಸದ್ದು. ಅವನು ನನ್ನ ಕಿವಿ ನೋಡಿ ಸ್ಟೂಲು ಸರಿಸಿದ. ಹನ್ನೆರಡಾಯಿತು. ಎರಡಾಯಿತು. ಪ್ರತಿ ಗೊರಗೊರಕ್ಕೂ ನಾನು ಎದ್ದು ನಿಲ್ಲುತ್ತಿದ್ದೆ.

ಮೂರಕ್ಕೆ ಒಂದು ದನಿ ಬಂತು, ಅವನದಲ್ಲ. "ಐದೂ ಜನ ಮೇಲಿನ ರಸ್ತೆಯ ಸುರಂಗದಲ್ಲಿದ್ದೀವಿ. ಒಬ್ಬನ ಕಾಲು ಮುರಿದಿದೆ."

"ಯಾರ ಕಾಲು?" ಎಂದ ಕುಬತ್.

"ಎರ್ಮೆಕ್‌ದು. ನೋವಲ್ಲಿ ತಲೆ ಕೆಟ್ಟಿದೆ ಅವನಿಗೆ. ಬೆಳಗಿಂದ ಇವತ್ತು ಗುರುವಾರನಾ, ಗುರುವಾರನಾ ಅಂತ ಒಂದೇ ಸಮ ಪ್ರಾಣ ತಿಂತಿದ್ದಾನೆ."

ನಾನು ವೈರ್‌ಲೆಸ್ ಕಿತ್ತುಕೊಂಡೆ. "ಗುರುವಾರನೇ. ಹೇಳು ಅವನಿಗೆ."

ಆ ಕಡೆ ವೈರ್‌ಲೆಸ್ ಕೈ ಬದಲಾಯಿತು. ಆಮೇಲೆ ಅವನ ದನಿ. "ಹಿರಿಯರು ಬಂದಿದ್ರಾ?"

"ಬಂದಿದ್ರು. ನಾನು ನೀನು ಸತ್ತೆ ಅಂದ್ಕೊಂಡು ಹಾಡಿಬಿಟ್ಟೆ. ಬೀದಿಗೆಲ್ಲ ಕೇಳಿಸ್ತು."

"ಅಯ್ಯೋ." ಅವನು ನಕ್ಕ, ನೋವಿಗೆ ಮುಲುಗಿದ. "ಏನೇನು ಹಾಡಿದೆ?"

"ಕೆಳಗೆ ಬಾ, ಹೇಳ್ತೀನಿ."

"ಬೆರ್ಮೆತ್, ಮೇಲೆ ಇನ್ನೂ ಹಿಮ ಜೋತಾಡ್ತಿದೆ. ನಾಳೆ ತನಕ ಯಾರೂ ನಮ್ಮ ಹತ್ರ ಬರೋಕಾಗಲ್ಲ." ಅವನು ಮೆಲ್ಲಗೆ ಹೇಳಿದ, ಹೆದರಿಸುವಂತಲ್ಲ.

ಕುಬತ್ ಎದ್ದು ಹೊರಗೆ ಹೋಗಲು ನೋಡಿದ. "ಕೂತ್ಕೋ, ಯಾರು ಕೇಳಿದ್ರೂ ನನಗೇನು" ಎಂದೆ. ಗುಂಡಿ ಒತ್ತಿ ಹಿಡಿದು, ನರಿಮರಿಯಿಂದ ಶುರುಮಾಡಿ ಒಂದೊಂದನ್ನೂ ಹೇಳುತ್ತಾ ಹೋದೆ. ಈ ಸಲ ಕೇಳಿಸಿಕೊಳ್ಳುವವನು ಇದ್ದ.