ಮುಂದಿನ ಎಡಗಡೆ ಟೈರಿನ ಆಯುಷ್ಯ

ಸರ್ಕಾರಿ ಲೆಕ್ಕಕ್ಕೆ ಫಸಲಿ ಸನ 1352, ಫರವರ್ದಿ ತಿಂಗಳ 14. ಇಂಗ್ಲಿಷ್ ಲೆಕ್ಕಕ್ಕೆ 1943ರ ಫೆಬ್ರವರಿ. ಬೆಳಿಗ್ಗೆ 9 ಗಂಟೆ 40 ನಿಮಿಷಕ್ಕೆ ಅಫಜಲಪುರದ ಠಾಣೆಗೆ ಫಿರ್ಯಾದು ಬಂತು, ಅದರ ಬೆನ್ನಿಗೇ ಆರೋಪಿಯೂ ಬಂದ. ದೇಶಮುಖರ ಕಾರಭಾರಿ ದೇವೀಂದ್ರಪ್ಪ ಕೈಯಲ್ಲಿ ಅರ್ಜಿ ಹಿಡಿದಿದ್ದ. ಅವನ ಇಬ್ಬರು ಆಳುಗಳು ಡ್ರೈವರ್ ಸೈದಪ್ಪನ ರಟ್ಟೆ ಹಿಡಿದಿದ್ದರು. ಪೊಲೀಸರು ಮಾಡಬೇಕಾದ ಅರ್ಧ ಕೆಲಸವನ್ನು ದೇಶಮುಖರ ಮನೆಯಾದ ವಾಡೆಯಲ್ಲೇ ಮುಗಿಸಿ ತಂದಿದ್ದರು: ಸೈದಪ್ಪನ ಕೆಳತುಟಿ ಒಡೆದು ರಕ್ತ ಹೆಪ್ಪುಗಟ್ಟಿತ್ತು.

ಠಾಣೆಯ ಅಮೀನ, ಅಂದರೆ ಇನ್ಸ್‌ಪೆಕ್ಟರ್, ಅಬ್ದುಲ್ ಗನಿ. ಬೀದರದಿಂದ ಬದಲಿಯಾಗಿ ಬಂದು ಎಂಟು ತಿಂಗಳಾಗಿತ್ತು. ಅರ್ಜಿ ಓದಿದ. ಬೆಳಿಗ್ಗೆ ಏಳೂವರೆಗೆ ಚೌಡಾಪುರದ ತಿರುವಿನಲ್ಲಿ ಭಗವಂತರಾವ ದೇಶಮುಖರ ಕೆಂಪು ಕಾರು ಪಲ್ಟಿಯಾಗಿದೆ. ದೇಶಮುಖರ ಬಲಗಾಲು ಮೊಣಕಾಲಿನ ಕೆಳಗೆ ಜಜ್ಜಿಹೋಗಿದೆ. ಮುಂದಿನ ಎಡಗಡೆ ಟೈರು ಒಡೆದದ್ದೇ ಕಾರಣ. ಟೈರು ಕೆಡಿಸಿದವನು ಸೈದಪ್ಪ. ಆದ್ದರಿಂದ ಕೊಲೆಯತ್ನ.

"ಇಂವನ ಮ್ಯಾಲೇ ಗುಮಾನಿ ಯಾಕ?"

"ಟೈರು ಹಾಕಿದಾಂವ ಇಂವನೇ ರೀ. ಇವತ್ತ ಮುಂಜಾನಿ ಧಣೇರು ಕರೆದ್ರೂ ಗಾಡ್ಯಾಗ ಕೂಡಲಿಲ್ಲ. ತನ್ನ ಜೀವ ಉಳಿಸ್ಕೊಂಡ."

"ಖರೇನ ಸೈದಪ್ಪ?"

"ಕೂಡಲಿಲ್ರಿ."

"ಯಾಕ?"

ಜಮಾದಾರ ಗೌಸಮೊಹಿದ್ದೀನ ಮೀಸೆಯ ಮೇಲೆ ಕೈಯಾಡಿಸುತ್ತ ಮುಂದೆ ಬಂದ. ಹನ್ನೊಂದು ವರ್ಷದಿಂದ ಅದೇ ಠಾಣೆಯಲ್ಲಿ ಬೇರುಬಿಟ್ಟವನು. ಬಂದವರಲ್ಲಿ ಯಾರಿಗೆ ಕುರ್ಚಿ, ಯಾರಿಗೆ ಲಾಠಿ ಎಂದು ಬಾಗಿಲಲ್ಲೇ ಅಳೆಯುತ್ತಿದ್ದ. "ಹದಿನೈದು ಮಿನಿಟ್ ನನ್ನ ಕೈಯಾಗ ಕೊಡ್ರಿ ಸಾಬ್. ಕಬೂಲ್ ಮಾಡಿಸ್ತೇನಿ."

"ಇಂವನ ಮೈಗೆ ಇನ್ನ ಒಂದು ಪೆಟ್ಟು ಬಿದ್ರ ನಿನ್ನ ಮ್ಯಾಲ ರಿಪೋರ್ಟ್ ಬರೀತೇನಿ" ಎಂದ ಅಮೀನ. ಎಫ್.ಐ.ಆರ್. ನಂಬರ್ 9 ದಾಖಲಾಯಿತು. ಸೈದಪ್ಪ ಚಪ್ಪಲಿಯನ್ನು ಹೊರಗೆ ಕಳಚಿಟ್ಟು ಲಾಕಪ್ಪಿನೊಳಗೆ ಹೋದ. ಕೇಸು ನಿಂತರೆ ಎಂಟು ವರ್ಷ. ಅವನಿಗೆ ಆಗಲೇ ನಲವತ್ತಾರು.

10.25ಕ್ಕೆ ವಾಡೆ. ಲಾರಿಯೊಂದು ದೇಶಮುಖನನ್ನು ಹೊತ್ತು ತಂದು ಹಾಕಿ ಹೋಗಿತ್ತು. ಗುಲಬರ್ಗಾದ ದವಾಖಾನೆಗೆ ಒಯ್ಯಲು ಇನ್ನೊಂದು ಗಾಡಿಯ ದಾರಿ ಕಾಯುತ್ತಿದ್ದರು. ಕಾಲು ಉಳಿಯುವುದಿಲ್ಲವೆಂದು ಡಾಕ್ಟರು ಅಂಗಳದಲ್ಲೇ ಅಮೀನನಿಗೆ ಹೇಳಿದ್ದರು. ಅಷ್ಟು ನೋವಿನಲ್ಲೂ ದೇಶಮುಖನ ಬಾಯಿ ಸೋತಿರಲಿಲ್ಲ.

"ಸ್ಪೀಡ್ ಎಷ್ಟಿತ್ರಿ?"

"ಎಪ್ಪತ್ತು. ನನ್ನ ಗಾಡಿ ನೂರು ಮೈಲು ಹೋಗ್ತದ. ನಿನ್ನ ಸರ್ಕಾರದ ರಸ್ತಾ ಬಿಡೂದಿಲ್ಲ."

"ಟೈರು ಹಳೇವು ಏನ್ರಿ?"

"ಹೊಸಾವು ಎಲ್ಲಿಂದ ತರ್ಲಿ? ಮಲಾಯಾ ಜಪಾನದವ್ರ ಕೈಯಾಗ ಹೋಗ್ಯದ, ರಬ್ಬರ್ ಎಲ್ಲಾ ಮಿಲಿಟರಿಗೆ. ಗುಲಬರ್ಗಾಕ್ಕ ಒಯ್ದು ಗೀರು ಕೆತ್ತಿಸ್ಕೊಂಡ್ ಬಾ ಅಂತ ಆ ಹರಾಮಿಗೆ ಹೇಳಿದ್ದೆ."

ಯುದ್ಧ ಶುರುವಾದ ಮೇಲೆ ಎಲ್ಲರೂ ಮಾಡುತ್ತಿದ್ದ ಉಪಾಯ ಅದು. ಟೈರು ಸವೆದು ನುಣ್ಣಗಾದರೆ, ಉಳಿದ ರಬ್ಬರಿನಲ್ಲೇ ಮತ್ತೆ ಗೀರು ಕೆತ್ತಿ ಇನ್ನಷ್ಟು ಮೈಲು ದುಡಿಸಿಕೊಳ್ಳುವುದು.

"ಚೌಡಾಪುರದ ಮನಿಗೋಳ ನಡುವ ಎಪ್ಪತ್ತು ಓಡಸ್ತೀರಿ?"

"ಊರು ಬಂದು ರಸ್ತಾದ ಮ್ಯಾಲ ಕುಂತ್ರ ನಾ ಏನ್ ಮಾಡ್ಲಿ? ಆ ಸೈದ್ಯಾನ್ನ ಒಳಗ ಹಾಕಿಸು. ಇಲ್ಲಂದ್ರ ಈ ತಿಂಗಳೇ ನಿನ್ನ ಬದ್ಲಿ."

ಅಬ್ದುಲ್ ಗನಿ ಸಲಾಮು ಹೇಳದೆ ಎದ್ದು ಬಂದ. ಅವನಿಗೆ ಸಿಟ್ಟು ಬಂದಿತ್ತು; ಸಿಟ್ಟು ಬಂದಾಗ ಗೋಡೆ, ನೆಲ, ಬಾಗಿಲು ಎಲ್ಲವನ್ನೂ ದುರುಗುಟ್ಟಿ ನೋಡುವುದು ಅವನ ಅಭ್ಯಾಸ. ಹಾಗೆ ನೋಡುವಾಗ ಕಾರು ನಿಲ್ಲಿಸುವ ಕೊಟ್ಟಿಗೆಯ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದ ಅಂಕಿಗಳು ಕಂಡವು. ಟೈರು ಹಾಕಿದಾಗ ಕಾರಿನ ಮೀಟರ್ ಎಷ್ಟಿತ್ತು, ಬಿಚ್ಚಿದಾಗ ಎಷ್ಟಿತ್ತು ಎಂದು ಸೈದಪ್ಪ ಬರೆದಿಟ್ಟಿದ್ದ. ಮೊದಲ ಸೆಟ್ಟು ನಾಲ್ಕು ಸಾವಿರದ ನೂರು ಮೈಲು. ಎರಡನೆಯದು ಮೂರು ಸಾವಿರದ ಏಳುನೂರು. ಮೂರನೆಯದು ಮೂರು ಸಾವಿರಕ್ಕೇ ನುಣ್ಣಗಾಗಿತ್ತು. ಕೆತ್ತಿಸಿದ ಮೇಲೆ ಮೊನ್ನೆ ಹನ್ನೆರಡನೇ ತಾರೀಖು ಹಾಕಿದ್ದು ಕೊನೆಯ ಸಾಲು. ಅದರ ಮುಂದೆ ಇನ್ನೂ ಖಾಲಿ ಇತ್ತು.

11 ಗಂಟೆಯ ಬಸ್ಸಿಗೆ ಅಮೀನ, ಜಮಾದಾರ ಹೊರಟರು. ಪೆಟ್ರೋಲ್ ಇಲ್ಲದ ಕಾಲ; ಬಸ್ಸಿನ ಹಿಂದೆ ಇದ್ದಿಲಿನ ಒಲೆ ಕಟ್ಟಿ, ಅದರ ಗ್ಯಾಸಿನಿಂದ ಓಡಿಸುತ್ತಿದ್ದರು. ಹದಿನೈದು ಮೈಲಿಗೆ ಒಂದೂವರೆ ತಾಸು ಹಿಡಿಯಿತು. ಪೆಟ್ರೋಲು ದೇಶಮುಖನಿಗೆ ಮಾತ್ರ ಎಲ್ಲಿಂದ ಬರುತ್ತಿತ್ತೋ, ಅದನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಚೌಡಾಪುರದ ತಿರುವಿನಲ್ಲಿ ಕೆಂಪು ಕಾರು ಹುಣಸೆ ಮರದ ಕೆಳಗೆ ಹೊಟ್ಟೆ ಮೇಲಾಗಿ ಬಿದ್ದಿತ್ತು. ಊರಿಗೆ ಊರೇ ನೆರೆದಿತ್ತು. ಪೊಲೀಸ್ ಪಾಟೀಲನನ್ನೂ ಇನ್ನೊಬ್ಬ ರೈತನನ್ನೂ ಪಂಚರಾಗಿ ಕರೆದು 12.50ಕ್ಕೆ ಪಂಚನಾಮೆ ಶುರು ಮಾಡಿದರು. ಟೈರು ಜಾರಿದ ಗುರುತು ಐವತ್ತೆರಡು ಹೆಜ್ಜೆ. ರಸ್ತೆಯಲ್ಲಿ ಮೊಳೆ, ಚೂಪುಗಲ್ಲು ಇಲ್ಲ. ಮೂರು ಟೈರುಗಳು ಸರಿಯಾಗಿವೆ. ಮುಂದಿನ ಎಡಗಡೆಯದು ಬಾಯಿಬಿಟ್ಟಿದೆ.

ಅಮೀನ ಮಂಡಿಯೂರಿ ಕುಳಿತು ಒಡೆದ ಟೈರಿನ ಮೇಲೆ ಬೆರಳಾಡಿಸಿದ. ನಾಲ್ಕಕ್ಕೂ ಗೀರು ಕೆತ್ತಿದ್ದು ಒಂದೇ ಕೈ, ನೇರ, ಅಚ್ಚುಕಟ್ಟು. ಆದರೆ ಇದರ ನಡುವಿನ ಗೀರು ಒಂದು ಗೇಣಿನಷ್ಟು ಉದ್ದಕ್ಕೆ ರಬ್ಬರು ದಾಟಿ ಒಳಗಿನ ಕ್ಯಾನ್ವಾಸಿಗೇ ಇಳಿದಿತ್ತು. ಆ ಜಾಗದ ಅಂಚಿನಲ್ಲಿ ಏನೋ ಕಪ್ಪಾದ ಜಿಗುಟು. ಉಗುರಿನಿಂದ ಕೆರೆದು ಮೂಸಿದ.

"ಮೇಣ. ಮಸಿ ಕಲಿಸ್ಯಾರ. ಕ್ಯಾನ್ವಾಸ್ ಕಾಣಬಾರದಂತ ಮೆತ್ತ್ಯಾರ."

"ಸೈದ್ಯಾಂದೇ ಕೆಲಸ ಸಾಬ್" ಎಂದ ಜಮಾದಾರ.

"ಗುಲಬರ್ಗಾದಾಗ ಕಾಸಿದ ಕಬ್ಬಿಣದಿಂದ ಕೆತ್ತತಾರ, ಅಂಚು ಸುಟ್ಟಿರ್ತದ. ಇದು ತಣ್ಣಗಿನ ಅಲಗು. ಇಂಥಾ ಕೈ ಡ್ರೈವರಿಗೆ ಎಲ್ಲಿಂದ ಬರಬೇಕು?"

ಎದ್ದು ನಿಂತು ಜನರತ್ತ ನೋಡಿದ. ಎಲ್ಲರೂ ಕಾರಿನ ಸುತ್ತ ಮುಗಿಬಿದ್ದಿದ್ದರು. ತಿರುವಿಗೆ ಹೊಂದಿಕೊಂಡ ಕೊನೆಯ ಗುಡಿಸಲಿನ ಮುಂದೆ ಒಬ್ಬಳೇ ಹೆಂಗಸು ಚಪ್ಪಲಿ ಹೊಲಿಯುತ್ತ ಕುಳಿತಿದ್ದಳು. ತಲೆ ಎತ್ತಿ ನೋಡಲೂ ಇಲ್ಲ. ಜಮಾದಾರನೂ ಅತ್ತ ಒಮ್ಮೆ ನೋಡಿ, ತಟ್ಟನೆ ಮುಖ ತಿರುಗಿಸಿದ.

ಒಡೆದ ಟೈರನ್ನು ಬಸ್ಸಿನ ಮೇಲೆ ಹಾಕಿಕೊಂಡು ಸಂಜೆ 5.15ಕ್ಕೆ ಠಾಣೆಗೆ ಮರಳಿದರು.

"ಸೈದಪ್ಪ, ಗೀರು ಕೆತ್ತಿಸಾಕ ಗುಲಬರ್ಗಾಕ್ಕ ಹೋಗಿದ್ಯೋ ಇಲ್ಲೋ?"

"ಹೋಗಿದ್ದೆ ರೀ."

"ಸುಳ್ಳು. ಈ ಟೈರು ಎಷ್ಟು ಮೈಲು ಓಡಿತ್ತು?"

ಟೈರಿನ ಮಾತು ಬಂದಾಗ ಮಾತ್ರ ಸೈದಪ್ಪನ ಬಾಯಿ ಸಡಿಲಾಯಿತು. "ಹಾಕಿದ ಮ್ಯಾಲ ಎಂಬತ್ತು ಮೈಲು ನಾನೇ ಓಡಿಸೇನ್ರಿ, ಗುಲಬರ್ಗಾಕ್ಕ ಹೋಗಿ ಬಂದೇನಿ. ಇಪ್ಪತ್ತರ ಮ್ಯಾಲ ಒತ್ತಿಲ್ಲ. ಏನೂ ಆಗಲಿಲ್ಲ. ಧಣೇರು ಹದಿನೈದು ಮೈಲಿಗೆ ಒಡೆದ್ರು. ಬ್ಯಾರೆ ಗಾಡಿ ಟೈರು ಹದಿನೈದು ಸಾವಿರ ಬರ್ತಾವ್ರಿ. ಇದರ ರಬ್ಬರ್ ಮೆತ್ತಗ, ರಸ್ತಾ ಹಿಡಕೊಳ್ಳಲಿ ಅಂತ. ಇಂಜಿನ್ ಮಸ್ತ್ ಜೋರು. ಒತ್ತಿದಷ್ಟೂ ಟೈರು ಕಾಯ್ತದ, ಕಾದಷ್ಟೂ ಸವೀತದ. ಟೈರಿನ ಆಯುಷ್ಯ ಟೈರಿನಾಗ ಇಲ್ರಿ, ಓಡಸಾಂವನ ಕಾಲಾಗ ಅದ."

"ಹಂಗಾದ್ರ ಕೆತ್ತಿದವರಿಗೆ ಇದು ಗೊತ್ತಿತ್ತು. ಯಾರವ್ರು?"

ಸೈದಪ್ಪ ಗೋಡೆಯ ಕಡೆ ತಿರುಗಿ ಕುಳಿತ.

ಅಮೀನ ಬೇಸತ್ತು ಹೊರಗೆ ಬಂದ. ಲಾಕಪ್ಪಿನ ಬಾಗಿಲಲ್ಲಿ ಸೈದಪ್ಪನ ಚಪ್ಪಲಿಗಳು ಬಿದ್ದಿದ್ದವು, ಬಲಗಾಲಿನದು ಮಗುಚಿತ್ತು. ಹಿಮ್ಮಡಿಗೆ ಹೊಸದಾಗಿ ರಬ್ಬರಿನ ಪಟ್ಟಿ ಹೊಲಿದಿದ್ದರು. ಪಟ್ಟಿಯ ಅಂಚಿನಲ್ಲಿ ಬಿಳಿಯ ನೂಲು ಇಣುಕುತ್ತಿತ್ತು. ಅಮೀನ ಅದನ್ನು ಎತ್ತಿಕೊಂಡು ದೀಪದ ಬಳಿ ಹಿಡಿದ. ಕ್ಯಾನ್ವಾಸಿನ ನೂಲು. ಹೊಲಿಗೆ ಬಿಚ್ಚಿಸಿ, ಪಟ್ಟಿಯನ್ನು ತಂದು ಒಡೆದ ಟೈರಿನ ಆಳದ ಗೀರಿನಲ್ಲಿಟ್ಟ. ಎರಡೂ ಕಡೆಯ ನೂಲುಗಳು ಒಂದಕ್ಕೊಂದು ಕೂಡಿಕೊಂಡವು.

"ಸಿಕ್ಕಬಿದ್ದ!" ಎಂದು ಜಮಾದಾರ ಚಪ್ಪಾಳೆ ತಟ್ಟಿದ.

"ತಾನೇ ಕೊಯ್ದಿದ್ರ ಸಾಕ್ಷಿನ ಕಾಲಿಗೆ ಕಟಗೊಂಡು ಠಾಣೆಕ್ಕ ಬರ್ತಿದ್ನೇನ್ಲೇ? ಇದು ಚಪ್ಪಲಿ ಹೊಲಿಯೋರ ಕೆಲಸ. ತುಂಡು ರಬ್ಬರ್ ಸಿಕ್ರೂ ಬಿಸಾಡಾಕ ಅವರಿಗೆ ಕೈ ಬರೂದಿಲ್ಲ. ಅದೂ ಇಂಥಾ ಕಾಲದಾಗ."

ಸೈದಪ್ಪ ಸರಳುಗಳನ್ನು ಹಿಡಿದು ನಿಂತಿದ್ದ. "ನಾನೇ ಮಾಡೇನ್ರಿ" ಎಂದ ಒಮ್ಮೆಲೇ. "ಬರಕೊಳ್ರಿ. ನಾನೇ." ಬೆಳಿಗ್ಗೆ ಏಟು ತಿಂದರೂ ಒಪ್ಪದವನು ಈಗ ಒಪ್ಪುತ್ತಿದ್ದ. ಅಬ್ದುಲ್ ಗನಿ ಅದನ್ನು ಬರೆದುಕೊಳ್ಳಲಿಲ್ಲ.

ಫರವರ್ದಿ 15, ಬೆಳಿಗ್ಗೆ 9.30. ಚೌಡಾಪುರದ ಪೊಲೀಸ್ ಪಾಟೀಲ ಚಪ್ಪಲಿಯನ್ನು ತಿರುಗಿಸಿ ನೋಡಿದ. "ಇದೇನ್ ಕೇಳ್ತೀರಿ ಅಮೀನ್ ಸಾಬ್ರ. ಹೊಲಿಗಿ ಬಿಚ್ಚಿದ್ರೂ ಈ ಸಣ್ಣ ತೂತು ಮಲ್ಕಮ್ಮನ ಕೈಯಾವು. ಗಂಡ ಸತ್ತ ಮ್ಯಾಲ ಅಂವನ ಹತಾರ ಆಕಿನೇ ಹಿಡದಾಳ. ಆ ತಿರುವಿನ ಗುಡಿಸಲಾ."

ಅದೇ ಗುಡಿಸಲು. ಮಲ್ಕಮ್ಮ ನಿನ್ನೆ ಕುಳಿತ ಜಾಗದಲ್ಲೇ ಕುಳಿತಿದ್ದಳು. ಮುಂದೆ ತೊಗಲು ಕೊಯ್ಯುವ ರಂಪಿಗೆ, ದಬ್ಬಳ, ನೂಲಿಗೆ ತಿಕ್ಕುವ ಕರಿಯ ಮೇಣದ ಉಂಡೆ. ಪುಟ್ಟಿಯಲ್ಲಿ ಟೈರಿನಿಂದ ಕೊಯ್ದ ರಬ್ಬರಿನ ಎಳೆಗಳನ್ನು ಉದ್ದ ನೋಡಿ ಜೋಡಿಸಿಟ್ಟಿದ್ದಳು. ಅಮೀನ ಚಪ್ಪಲಿಯನ್ನು ಅವಳ ಮುಂದಿಟ್ಟ.

"ಇದು ನೀ ಹೊಲಿದದ್ದೇನವ್ವ?"

"ಹೌದ್ರಿ. ಸೈದಪ್ಪಣ್ಣಂದು ಹಿಮ್ಮಡಿ ಹರದಿತ್ತು."

"ಟೈರಿಗೆ ಗೀರು ಕೆತ್ತಿದಾಕಿನೂ ನೀನೇ?"

"ಹೌದ್ರಿ."

"ಒಂದರಾಗ ಕ್ಯಾನ್ವಾಸ್ ತನಕ ಯಾಕ ಇಳದಿ? ಕೈ ತಪ್ಪಿತ?"

ಮಲ್ಕಮ್ಮ ಮೊದಲ ಸಲ ತಲೆ ಎತ್ತಿದಳು. "ನನ್ನ ಕೈ ತಪ್ಪೂದಿಲ್ರಿ."

ಪಾಟೀಲ ದಿಗಿಲುಬಿದ್ದು ಹಿಂದೆ ಸರಿದ. ಅವಳು ಮಾತ್ರ ಮೇಣದ ಉಂಡೆಯನ್ನು ಸೆರಗಿನಿಂದ ಒರೆಸಿ ಅಮೀನನ ಮುಂದೆ ಸರಿಸಿದಳು.

"ನನಗ ನಾಕ ರೊಕ್ಕ ಸಿಗ್ಲಿ ಅಂತ ಸೈದಪ್ಪಣ್ಣ ಟೈರು ಇಲ್ಲಿಗೆ ತಂದಿದ್ದ, ಆಳ ಕೊಯ್ದದ್ದು ಅಂವಗ ಗೊತ್ತಿಲ್ರಿ. ಅಂವಗ ಒಂದೇ ಮಾತು ಹೇಳಿದ್ದೆ, ಇಪ್ಪತ್ತರ ಮ್ಯಾಲ ಓಡಿಸಬ್ಯಾಡಪ್ಪಾ ಅಂತ. ಅಂವ ಮೊದ್ಲೇ ಓಡಸೂದಿಲ್ಲ. ಮೆಲ್ಲಕ ಹೋಗಿದ್ರ ಆ ಟೈರು ಮುಂದಿನ ಸುಗ್ಗಿ ತನಕ ಬರ್ತಿತ್ರಿ. ಊರಾಗ ಮೆಲ್ಲಕ ಹೋಗಾಂವಗ ನಾ ಏನೂ ಮಾಡಿಲ್ಲ."

"ದೇಶಮುಖಗ ಮಾಡಿದಿ."

"ಅಂವಗ ಮಾಡೇನಿ. ಎರಡು ವರ್ಷದ ಹಿಂದ ನನ್ನ ಮಗಳ ಮ್ಯಾಲ ಗಾಡಿ ಹತ್ತಿಸಿದ. ಅಗೋ, ಆ ಹುಣಸಿ ಗಿಡದ ಬುಡಕ. ಸೈದಪ್ಪಣ್ಣ ಮಗ್ಗಲಾಗ ಕುಂತಿದ್ದ, ನಿಲ್ಲಸ್ರಿ ಧಣಿ ಅಂತ ಹೊಯ್ಕೊಂಡ. ನಿಲ್ಲಸಲಿಲ್ಲ. ಅವತ್ತಿಂದ ಅಂವ ಧಣಿ ಓಡಸೂಮುಂದ ಗಾಡ್ಯಾಗ ಕೂತಿಲ್ರಿ."

"ಠಾಣೆಕ್ಕ ಬಂದು ರಪೋಟ್ ಯಾಕ ಕೊಡಲಿಲ್ಲ?"

ಅವಳು ಅಮೀನನ ಹಿಂದೆ ನಿಂತಿದ್ದ ಗೌಸಮೊಹಿದ್ದೀನನನ್ನು ನೋಡಿದಳು, ಅಷ್ಟೇ. ಜಮಾದಾರ ಬೂಟಿನ ತುದಿಯಿಂದ ಮಣ್ಣು ಕೆದರುತ್ತಿದ್ದ.

10.40ಕ್ಕೆ ಪಂಚರ ಮುಂದೆ ರಂಪಿಗೆ, ಮೇಣ, ರಬ್ಬರಿನ ಎಳೆಗಳನ್ನು ಜಪ್ತಿ ಮಾಡಿ, ಮಲ್ಕಮ್ಮನನ್ನು ದಸ್ತಗಿರಿ ಮಾಡಲಾಯಿತು. ಬೇಡಿ ಹಾಕಲು ಬಂದ ಜಮಾದಾರನನ್ನು ಅಮೀನ ಕಣ್ಣಿನಿಂದಲೇ ತಡೆದ. ಅವಳು ಹೊಲಿಯುತ್ತಿದ್ದ ಚಪ್ಪಲಿಯ ಕೊನೆಯ ಎರಡು ಹೊಲಿಗೆ ಹಾಕಿ, ಗಂಟು ಬಿಗಿದು, ಅದನ್ನು ಪಕ್ಕದ ಮನೆಯವಳ ಕೈಗೆ ಕೊಟ್ಟು ಬಸ್ಸು ಹತ್ತಿದಳು.

ಮಧ್ಯಾಹ್ನ 2 ಗಂಟೆಗೆ ಸೈದಪ್ಪನನ್ನು ಬಿಟ್ಟರು. ಚಪ್ಪಲಿ ಸಾಕ್ಷಿಯಾಗಿ ಠಾಣೆಯಲ್ಲೇ ಉಳಿಯಿತು. ಅವನು ಮಲ್ಕಮ್ಮನ ಎದುರು ಒಂದು ಗಳಿಗೆ ನಿಂತ. "ತಂಗಿ..." ಎಂದ. ಸುಡುವ ಬಿಸಿಲಿನಲ್ಲಿ ಬರಿಗಾಲಲ್ಲೇ ನಡೆದು ಹೋದ.

ಅಬ್ದುಲ್ ಗನಿ ಕಪಾಟಿನಿಂದ ಎರಡು ವರ್ಷದ ಹಿಂದಿನ ಠಾಣೆಯ ದಿನಚರಿ ತೆಗೆಸಿದ. ಫಸಲಿ 1350, ಇಸ್ಫಂದಾರ್ 22. ಜಮಾದಾರನ ಅಕ್ಷರ: 'ಚೌಡಾಪುರದ ಹುಚ್ಚು ಹೆಂಗಸು ಬಂದು ಗಲಾಟೆ ಮಾಡಿದಳು. ಗದರಿಸಿ ಕಳಿಸಲಾಯಿತು.' ಅಷ್ಟೇ ಇತ್ತು. ಅಮೀನ ಆ ಸಾಲನ್ನು ಎರಡು ಸಲ ಓದಿದ. ಅವನಿಗೆ ನಾಚಿಕೆಯಾಯಿತು, ತಾನು ಆಗ ಈ ಠಾಣೆಯಲ್ಲಿ ಇರಲಿಲ್ಲವೆಂಬ ಸಮಾಧಾನ ಆ ನಾಚಿಕೆಯ ಮುಂದೆ ನಿಲ್ಲಲಿಲ್ಲ.

ಮಲ್ಕಮ್ಮನ ಹೇಳಿಕೆ ಸ್ಪಷ್ಟವಿತ್ತು, ಸಾಕ್ಷಿ ಗಟ್ಟಿ ಇತ್ತು. ಅವಳನ್ನು ಬಿಡುವ ಅಧಿಕಾರ ಅವನಿಗಿರಲಿಲ್ಲ. ನಾಳೆ ಗುಲಬರ್ಗಾದ ಅದಾಲತ್ತಿಗೆ ಕಳಿಸಲೇಬೇಕು.

"ಗೌಸಮೊಹಿದ್ದೀನ, ಎಫ್.ಐ.ಆರ್. ಬುಕ್ಕು ತಾ. ನಂಬರ್ 10. ಫಿರ್ಯಾದಿ ಮಲ್ಕಮ್ಮ. ಆರೋಪಿ ಭಗವಂತರಾವ ದೇಶಮುಖ. ಸಾಕ್ಷಿ ಸೈದಪ್ಪ. ಬರಿ."

"ಸಾಬ್, ಎರಡು ವರ್ಷ ಆಗ್ಯದ. ದೇಶಮುಖರು ಬದ್ಲಿ ಮಾಡಸ್ತಾರ..."

"ಮಾಡಿಸ್ಲಿ. ನೀನೇ ಬರೀಬೇಕು. ಅದೇ ಕೈಲೇ."

ಜಮಾದಾರ ಮಸಿಯಲ್ಲಿ ಟಾಕನ್ನು ಅದ್ದಿದ. ಎರಡು ವರ್ಷದ ಹಿಂದೆ ಯಾರನ್ನು ಬಾಗಿಲಿಂದ ಆಚೆ ತಳ್ಳಿದ್ದನೋ ಅವಳನ್ನೇ ಈಗ ಕೇಳಬೇಕಾಯಿತು.

"ಹುಡುಗಿ ಹೆಸರು?"

"ತುಳಜಾ."

"ವಯಸ್ಸು?" ಎಂದು ಕೇಳಿ, ಯಾವ ವರ್ಷದ ಲೆಕ್ಕ ಬರೆಯಬೇಕೆಂದು ತಿಳಿಯದೆ ತಡವರಿಸಿದ. "ಈಗ... ಒಂಬತ್ತು ಅನ್ಲ್ಯಾ?"

"ಏಳು ಬರ್ಕೊಳ್ರಿ" ಎಂದಳು ಮಲ್ಕಮ್ಮ. "ಆಮ್ಯಾಲ ಆಕಿ ಬೆಳೀಲಿಲ್ಲ."