ಅವನು ಉತ್ತರಿಸದ ಪ್ರಶ್ನೆ

“ಮಾಸ್ಕ್ ತೆಗೀರಿ ಮೇಡಂ! ಮುಖಕ್ಕೆ ಯಾವ ಬಣ್ಣ ಒಪ್ಪುತ್ತೆ ಅಂತ ನೋಡ್ಬೇಡ್ವಾ?”

“ಹೊಲಿಯೋಕೆ ಕೊಟ್ಟಿರೋದು ಬಟ್ಟೆ, ನನ್ನ ಮುಖ ಅಲ್ಲ!”

ಕುಮಾಸಿ ಪಟ್ಟಣದ ಮಾರ್ಕೆಟ್ಟಿನ ದರ್ಜಿ ಯೆಬೋವ ಜೋರಾಗಿ ನಕ್ಕ. ಬಟ್ಟೆ ಕೊಡಲು ಬಂದಿದ್ದ ದುಫಿ ಮಾಸ್ಕನ್ನು ಇನ್ನಷ್ಟು ಮೇಲಕ್ಕೆಳೆದುಕೊಂಡಳು. ನನ್ನ ಮೂಗು ಸೊಟ್ಟ ಅಂತ ಗೊತ್ತಾಗೇ ನಗ್ತಿದ್ದಾನೆ...

ಅವಳ ಮೂಗಿಗೆ ಏನೂ ಆಗಿರಲಿಲ್ಲ ಮಾರಾಯ್ರೇ! ಆದರೆ ಕನ್ನಡಿ ಮುಂದೆ ನಿಂತರೆ ಅವಳಿಗೆ ಕಾಣುತ್ತಿದ್ದುದು ಸೊಟ್ಟ ಮೂಗೊಂದೇ.

ಅದೇ ಯೆಬೋವನ ಮುಂದೆ ಕೆಲವೇ ತಿಂಗಳಲ್ಲಿ ಮಾಸ್ಕೂ ಜಾರಿತು, ಮನಸ್ಸೂ ಜಾರಿತು. ಪ್ರಶ್ನೆ ಮಾತ್ರ ಹೋಗಲಿಲ್ಲ.

“ನನ್ನ ಮೂಗು ಸೊಟ್ಟ ಇದ್ಯಾ?”

“ಇಲ್ಲ ಕಣೇ, ಚೆನ್ನಾಗಿದೆ.”

ಸ್ವಲ್ಪ ಹೊತ್ತು ನೆಮ್ಮದಿ. ಮತ್ತೆ ಅದೇ ಪ್ರಶ್ನೆ!

ಸಾಕಿ ಬೆಳೆಸಿದ ಅಜ್ಜಿ ತೀರಿಕೊಂಡಾಗ ಬಂಧುಬಳಗವೆಲ್ಲ ಅಲ್ಲಿನ ಸೂತಕದ ಪದ್ಧತಿಯಂತೆ ಕೆಂಪು, ಕಪ್ಪು ಬಟ್ಟೆ ಉಟ್ಟು ಸೇರಿತು. ದುಫಿಯೂ ಉಟ್ಟಳು. ಆದರೆ ಅಕ್ಕ ಎಷ್ಟು ಕರೆದರೂ ಕನ್ನಡಿ ಬಿಟ್ಟು ಏಳಲಾಗಲಿಲ್ಲ... ಮೊಮ್ಮಗಳಿಲ್ಲದೆಯೇ ಅಜ್ಜಿ ಮಣ್ಣು ಸೇರಿದಳು.

ಛೀ, ಎಂಥವಳು ನಾನು! ನಾಚಿಕೆಯಿಂದ ಅವಳು ಯಾರಿಗೂ ಮುಖ ತೋರಿಸಲಿಲ್ಲ.

ಮರುವಾರ ಯೆಬೋವ ಬಂದ.

“ನಿಜ ಹೇಳು, ನನ್ನ ಮೂಗು ಸೊಟ್ಟ ಇದ್ಯಾ?”

ಅವನು ತಲೆ ತಗ್ಗಿಸಿದ. ಉತ್ತರವೇ ಇಲ್ಲ!

ಹಾಗಾದ್ರೆ ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳು...

“ಹೋಗು! ಇನ್ನು ಈ ಕಡೆ ಬರ್ಬೇಡ!” ಅವಳು ಬಾಗಿಲು ಹಾಕಿಕೊಂಡಳು.

ಅವನು ಹೋಗಲಿಲ್ಲ. ಬಾಗಿಲಾಚೆಯಿಂದಲೇ ಹೇಳಿದ.

“ದುಫಿ, ನಾನೂ ನಿಮ್ಮಕ್ಕನೂ ಡಾಕ್ಟರ ಹತ್ರ ಹೋಗಿದ್ವಿ. ಇದು ಕಾಯಿಲೆ ಇರ್ಬಹುದು, ಕರ್ಕೊಂಡು ಬನ್ನಿ, ಮಾತ್ರೆನೂ ಇದೆ, ಮಾತಾಡ್ಸಿ ವಾಸಿ ಮಾಡೋ ದಾರಿನೂ ಇದೆ ಅಂದ್ರು. ನಾನು ‘ಚೆನ್ನಾಗಿದೆ’ ಅಂದಷ್ಟೂ ಅದು ಬಲಿಯುತ್ತಂತೆ. ಮೊದ್ಲು ನಿಂಗೆ ತಿಳಿಸಿ, ಆಮೇಲೆ ಉತ್ತರ ಕೊಡೋದು ನಿಲ್ಸಿ ಅಂದಿದ್ರು. ತಿಳಿಸೋಕೆ ನಂಗೇ ಧೈರ್ಯ ಬರ್ಲಿಲ್ಲ... ಕಾಯಿಲೆ ಅಂದ್ರೆ ನೀನು ಬಿಟ್ಟು ಹೋಗ್ತೀಯೇನೋ ಅಂತ!”

ಕಾಯಿಲೆ... ನನ್ನ ಕೆಟ್ಟತನ ಅಲ್ಲ!

ಬಾಗಿಲು ತೆರೆಯಿತು. ದುಫಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. “ಅಜ್ಜಿಗೆ ಏನಂತ ಹೇಳ್ಲಿ?”

“ವಾಸಿಯಾಗ್ತಾ ಬಾ. ವರ್ಷದ ಕಾರ್ಯಕ್ಕೆ ಹೋಗಿ ನೀನೇ ಹೇಳುವಿಯಂತೆ.”

ಚಿಕಿತ್ಸೆ ಸುಲಭವಿರಲಿಲ್ಲ. ಒಂದು ದಿನ ಕನ್ನಡಿ ಗೆದ್ದರೆ ಇನ್ನೊಂದು ದಿನ ದುಫಿ ಗೆದ್ದಳು.

ಅಜ್ಜಿಯ ವರ್ಷದ ಕಾರ್ಯ ಬಂತು. ಅಂಗಳದ ತುಂಬ ನೆಂಟರು. ಮಾಸ್ಕಿಲ್ಲದ ದುಫಿ ಹೊಸ್ತಿಲಲ್ಲೇ ನಿಂತುಬಿಟ್ಟಳು. ನಾಚಿಕೆ ಮತ್ತೆ ಉಕ್ಕಿ ಬಂತು.

“ಯೆಬೋವ, ನನ್ನ...”

ಮೂಗಿನ ಕಡೆ ಹೊರಟಿದ್ದ ಕೈಯನ್ನು ಅವಳು ಅವನತ್ತ ಚಾಚಿದಳು.

“...ನನ್ನ ಕೈ ಹಿಡ್ಕೋತೀಯಾ?”

ಅವನ ಕಣ್ಣು ತುಂಬಿ ಬಂತು.

“ಇದಕ್ಕೆ ಉತ್ತರ ಕೊಡ್ಬೇಡ ಅಂತ ಯಾವ ಡಾಕ್ಟರೂ ಹೇಳಿಲ್ಲ ಕಣೇ!”